ರಾಗಿ ಕುಣಿದ ದಿಕ್ಕು

ಜನ ಹಕ್ಕಿಯ ಬೆನ್ನೇರಿ ಕಡಲು ದಾಟುತ್ತಿದ್ದ ಕಾಲದಲ್ಲಿ ಹೊಂಗರಿ ಎಂಬ ರಾಜ್ಯವಿತ್ತು. ಅಲ್ಲಿನ ಹಕ್ಕಿಗಳು ಆನೆಯಷ್ಟು ದೊಡ್ಡವು, ಹಸುವಿನಷ್ಟು ಸಾಧು.

ಕಡಲಾಚೆ, ಎಂದೂ ಕರಗದ ಮೋಡದೊಳಗೆ ಒಂದು ಬೆಂಕಿಬೆಟ್ಟವಿತ್ತು. ಅದು ಎಲ್ಲಿದೆಯೆಂದು ಕಂಡವರಿಲ್ಲ. ಅದರಲ್ಲಿದ್ದ ಬೂದಿಗೊರಳನೆಂಬ ಮಾಯಾವಿ, ಬೆಟ್ಟ ಸಿಡಿದಾಗಲೆಲ್ಲ ಬೂದಿಯನ್ನು ಹಕ್ಕಿಗಳ ದಾರಿಗೆ ಊದುತ್ತಿದ್ದ. ಬೂದಿ ಕುಡಿದ ಹಕ್ಕಿ ಸವಾರನೊಡನೆ ಕಡಲಿಗೆ ಬೀಳುತ್ತಿತ್ತು. ತನ್ನ ಬೆಟ್ಟದ ದನಿ ಕೇಳಿ ದಿಕ್ಕು ಹೇಳುವವರು ಸಿಕ್ಕ ದಿನ ತಾನು ಕಲ್ಲಾಗಲಿ ಎಂದು ಅವನು ಕೊಚ್ಚಿಕೊಂಡಿದ್ದ.

ನಗಾರಿ ಕಟ್ಟುವ ಸೂರವ್ವನ ಗಂಡ ಹಾಗೆ ಬಿದ್ದವನು. ಹೊಸ ಚರ್ಮದ ಬಿಗಿ ನೋಡಲು ಅದರ ಮೇಲೆ ರಾಗಿ ಉದುರಿಸುವುದು ಅವರ ಮನೆಯ ಪದ್ಧತಿ. ಅವನು ಬಿದ್ದ ದಿನ ಆ ರಾಗಿ ಯಾರೂ ಬಾರಿಸದೆ ಕುಣಿದಿತ್ತು. ಬೆಟ್ಟ ಸಿಡಿದ ದನಿ ಕಿವಿಗೆ ಸಿಗದಷ್ಟು ತಗ್ಗಿ ಕಡಲು ದಾಟಿ ಬಂದಿದೆ ಎಂದು ಸೂರವ್ವನಿಗೆ ತಿಳಿಯಿತು. ಈಗ ಅವಳ ಮಗಳು ತುಂಬೆ, ದ್ವೀಪಗಳಿಗೆ ಮದ್ದು ಒಯ್ಯಲು ಹಕ್ಕಿ ಏರುವವಳಿದ್ದಳು.

ಸೂರವ್ವ ಗುಡ್ಡದ ಮೇಲೆ ದೊಡ್ಡ ನಗಾರಿ ಇಟ್ಟು, ರಾಗಿ ಉದುರಿಸಿ ಕಾದಳು. ಅವಳನ್ನು ದಾರಿ ತಪ್ಪಿಸಲು ಮಾಯಾವಿ ಮೊದಲು ಗಾಳಿಯನ್ನು ಕಳಿಸಿದ. ಗಾಳಿಗೇ ರಾಗಿ ಕುಣಿಯಿತು, ಅವಳ ಮಾತು ನಂಬಿ ದೊರೆ ಹಕ್ಕಿಗಳನ್ನೆಲ್ಲ ಕಟ್ಟಿಸಿದ, ಬೂದಿ ಬರಲೇ ಇಲ್ಲ. "ಸೂರವ್ವಾ, ನಿನ್ನ ರಾಗಿಗೆ ಇವತ್ತು ಯಾರ ಮದುವೆ?" ಎಂದು ಸಂತೆಯಲ್ಲಿ ನಕ್ಕರು. ಅವಳೂ ನಕ್ಕಳು. ನಗಾರಿಯನ್ನು ದಟ್ಟ ಮರಗಳ ನಡುವೆ ಇಟ್ಟು, ಸುತ್ತಲೂ ತೂತು ಕೊರೆದ ಬಿದಿರ ಕೊಳವೆ ಜೋಡಿಸಿದಳು. ಒಂದು ತೂತಿಗೆ ನುಗ್ಗಿದ ಗಾಳಿ ಇನ್ನೊಂದರಲ್ಲಿ ಸೋರಿಹೋಯಿತು. ಉದ್ದನೆಯ ತಗ್ಗು ದನಿ ಮಾತ್ರ ಎಲ್ಲ ತೂತುಗಳಲ್ಲೂ ಒಟ್ಟಿಗೆ ಒಳಬರುವಂತಾಯಿತು.

ಮಾಯಾವಿ ಕಡಲನ್ನು ಕೆರಳಿಸಿದ. ರಾಗಿ ಹಗಲಿರುಳು ನಡುಗಿತು. ಸೂರವ್ವ ಚರ್ಮದ ಮೇಲೆ ಅಂಗೈಯಿಟ್ಟು ಕುಳಿತಳು. ಕಡಲಿನದು ಮಲಗಿದ ಮಗುವಿನ ಉಸಿರಿನಂತೆ ಒಂದೇ ಸಮ. ಅದನ್ನು ಗುರುತಿಟ್ಟುಕೊಂಡಳು.

ಕೊನೆಗೆ ಮಾಯಾವಿ ಕಾಗೆಯಾಗಿ ಬಂದು ಕೊಂಬೆಯ ಮೇಲೆ ಕುಳಿತ. "ದನಿ ಸಿಕ್ಕಿತು ಅನ್ನು. ಎತ್ತಲಿಂದ ಬಂತು ಅಂತ ರಾಗಿ ಹೇಳುತ್ತದೇನು, ಮುದುಕಿ?"

"ಒಂದು ನಗಾರಿ ಹೇಳೋದಿಲ್ಲಪ್ಪ," ಎಂದಳು ಸೂರವ್ವ. ಮೂಡಣ ಗುಡ್ಡದಲ್ಲೊಂದು, ಪಡುವಣ ಗುಡ್ಡದಲ್ಲೊಂದು ನಗಾರಿ ಕಟ್ಟಿದಳು. ರಾಗಿ ಕುಣಿದೊಡನೆ ಬಾವುಟ ಏರಿಸಲು ಕಾವಲಿನವರಿಗೆ ಹೇಳಿದಳು.

ತುಂಬೆ ಹೊರಟ ಬೆಳಿಗ್ಗೆ ಕಡಲು ಶಾಂತವಾಗಿತ್ತು. ಹಕ್ಕಿ ಕೊಲ್ಲಿಯ ಮೇಲಿತ್ತು. ಪಡುವಣ ಗುಡ್ಡದಲ್ಲಿ ಬಾವುಟ ಏರಿತು. ಆಮೇಲೆ ಸೂರವ್ವನ ಮುಂದಿನ ರಾಗಿ ಕುಣಿಯಿತು, ಕಡಲಿನ ಲಯದಲ್ಲಲ್ಲ. ಕೊನೆಗೆ ಮೂಡಣ ಬಾವುಟ ಏರಿತು.

"ದನಿ ಮೊದಲು ಮುಟ್ಟಿದ್ದು ಪಡುವಣ ಗುಡ್ಡವನ್ನ. ಬೆಟ್ಟ ಪಡುವಣದಲ್ಲಿದೆ," ಎಂದಳು ಸೂರವ್ವ. ತೆಂಕಣ ದಾರಿ ತೋರುವ ಬಿಳಿ ಬಟ್ಟೆಯನ್ನು ತಾನೇ ಏರಿಸಿದಳು.

ಹಕ್ಕಿ ಒಂದು ಗಳಿಗೆ ಹಾಗೇ ಹಾರಿತು. ಆಮೇಲೆ ತೆಂಕಣಕ್ಕೆ ಹೊರಳಿತು. ಬರಿದಾದ ದಾರಿಯ ಮೇಲೆ ಬೂದಿ ಸುರಿದು ಕಡಲು ಸೇರಿತು. ಬೂದಿ ಊದಿ ಬಂದು ಕೊಂಬೆಯ ಮೇಲೆ ಕುಳಿತಿದ್ದ ಮಾಯಾವಿ, ತನ್ನದೇ ಮಾತಿನಂತೆ ಕಲ್ಲಿನ ಕಾಗೆಯಾಗಿ ಧೊಪ್ಪನೆ ಬಿದ್ದ.

ಬೆಟ್ಟ ಮಾತ್ರ ಬೆಟ್ಟವಾಗಿಯೇ ಉಳಿಯಿತು. ಅದು ಗುಡುಗಿದಾಗಲೆಲ್ಲ ಬಾವುಟಗಳು ಏರಿದವು, ಹಕ್ಕಿಗಳು ದಾರಿ ಬದಲಿಸಿದವು. ದ್ವೀಪಗಳಿಂದ ಮರಳಿದ ತುಂಬೆ ನಗಾರಿಯ ಮೇಲೆ ಅಂಗೈಯಿಟ್ಟು ಕೇಳಿದಳು: "ಅವ್ವಾ, ಅಷ್ಟು ದೂರದಿಂದ ಅದು ಏನಂತದೆ?"

"'ನಾನಿಲ್ಲಿದ್ದೇನೆ' ಅಂತದೆ, ಮಗಳೇ. ಅಷ್ಟು ತಿಳಿದರೆ ಸಾಕು."

ಅಂದಿನಿಂದ ಹೊಂಗರಿಯಲ್ಲಿ ಹೊರಟವರೆಲ್ಲ ಮನೆಗೆ ಬಂದರು, ಕಾದವರೆಲ್ಲ ನೆಮ್ಮದಿಯಿಂದ ಉಂಡರು.