ಶಲ್ಯದ ಕೆಳಗಿನ ದರ

೨೦೦೪ರ ಮೇ ತಿಂಗಳಲ್ಲಿ ಕಮಲಾಪುರದ ಬೇಳೆ ಮಿಲ್ಲಿನಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ನನ್ನ ತಮ್ಮ ಬಂಡು ದಿನವೂ ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜಿಗೆ ಹೋಗಿ, ಎದುರಾಳಿ ವ್ಯಾಪಾರಿಗಳ ತೊಗರಿ ದರ ತಂದು ಮಿಲ್ಲಿನ ಕಂಪ್ಯೂಟರಿಗೆ ತುಂಬುತ್ತಿದ್ದ. ಹಿಂದಿನ ದರ ಕೇಳಿದರೆ ತೆಗೆದುಕೊಡುವ ಎಪಿಐ ಎಂಬ ಪ್ರೋಗ್ರಾಮನ್ನೂ ಅವನೇ ಕಟ್ಟಿದ್ದ. ಅದನ್ನು ಬಳಸುವ ಕ್ರಮ ಬರೆದಿಡುವ ಮೊದಲೇ ಹರಿಪಾದ ಸೇರಿದ. ತಿಂಗಳ ನಂತರ, ನನ್ನ ಶಾಲೆಗೆ ರಜೆ ಇದ್ದಾಗ, ಆ ಬರವಣಿಗೆಗೆ ನಾನು ಕೂತೆ.

"ನಿನ್ನಿ ದರ ತೋರಸ್ರಿ ಮಾಸ್ತರ್ರ. ಬರಲಿಲ್ಲಂದ್ರ ಇದನ್ನ ಅಳಿಸಿಬಿಡ್ತೇನಿ. ಡಬ್ಬಿಗಿ ಎಷ್ಟ ದಿನ ಆರತಿ ಮಾಡೂದು?" ಎಂದು ಮಾಲೀಕ ಚಂದ್ರಾಮಪ್ಪ ನಕ್ಕರು.

"ನಮ್ಮ ಬಂಡುನ ಕೆಲಸ ಅದ ರೀ. ತಡೀರಿ."

ಗುರುರಾಯರನ್ನು ನೆನೆದು, ಕಂಪ್ಯೂಟರಿಗೆ ನಿನ್ನೆಯ ದರ ಕೇಳಿದೆ. ಪರದೆ ಖಾಲಿಯಿತ್ತು. ಆ ಬಿಸಿಲಿನಲ್ಲೂ ಕೀಲಿಮಣೆ ತಣ್ಣಗಾಯಿತು. ಗಂಜಿನ ದಲಾಲರು ಟವೆಲಿನಡಿ ಕೈ ಹಿಡಿದು, ಬೆರಳೊತ್ತಿ ದರ ಹೇಳುತ್ತಾರೆ. ಹಾಗೆಯೇ ನನ್ನ ತೊಡೆಯ ಮೇಲಿನ ಶಲ್ಯದಡಿ ಒಂದು ತಣ್ಣನೆಯ ಕೈ ನನ್ನ ಕೈ ಹಿಡಿಯಿತು. ಬಂಡುವಿನ ಕೈಯಂತೆ ಅದರ ಕಿರುಬೆರಳೂ ಮೊಟಕಾಗಿತ್ತು. ಅದು ನನ್ನ ಬೆರಳೊತ್ತಿ ಹೇಳಿದ ದರವನ್ನು ಹೆದರಿಕೆಗಿಂತ ಹಿಗ್ಗಿನಿಂದಲೇ ಎಣಿಸಿಕೊಂಡೆ.

"ಸಾವಿರದ ಎಂಟುನೂರು," ಎಂದೆ. ಪರದೆಯ ಮೇಲೂ ಅದೇ ಮೂಡಿತು. ಚಂದ್ರಾಮಪ್ಪ ಗಂಜಿಗೆ ಫೋನು ಮಾಡಿ ಕೇಳಿದರು, ದರ ಸರಿಯಾಗಿತ್ತು. ಅವರು ಅಳಿಸುವ ಮಾತೆತ್ತಲಿಲ್ಲ.

ಬಂಡು ಹೋದ ಮೇಲೆ ಗಂಜಿಗೆ ಯಾರನ್ನೂ ಕಳಿಸಿರಲಿಲ್ಲ. ಆದರೂ ಕಂಪ್ಯೂಟರಿನಲ್ಲಿ ಹಿಂದಕ್ಕೆ ನೋಡಿದರೆ, ಆ ಇಡೀ ತಿಂಗಳಲ್ಲಿ ಒಂದು ದಿನದ ದರವೂ ತಪ್ಪಿರಲಿಲ್ಲ.