ಇಪ್ಪತ್ತು ನಿಮಿಷದ ಖೀರು

"ಐವತ್ಮೂರು, ಐವತ್ನಾಕು, ಐವತ್ತೈದು..."

ಹಿತ್ತಲ ಗೋಡೆಯ ಮೇಲೆ, ಬೇವಿನ ಮರದ ನೆರಳಲ್ಲಿ ಕುಳಿತು ಲುಂಬಿನಿ ಮತ್ತು ಅವಳ ಗೆಳತಿ ನಗ್ಮಾ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿದ್ದರು. ಐವತ್ತೆಂಟಕ್ಕಿಂತ ಹೆಚ್ಚಿದ್ದರೆ ನಗ್ಮಾ ಗೆದ್ದಂತೆ, ಕಡಿಮೆ ಇದ್ದರೆ ಲುಂಬಿನಿ. ರೈಲ್ವೆ ಜಂಕ್ಷನ್ ಊರಾದ ವಾಡಿಯಲ್ಲಿ ಈ ಆಟಕ್ಕೆ ಗಾಡಿಗಳ ಕೊರತೆಯೇ ಇಲ್ಲ.

ನಗ್ಮಾ ಎಣಿಸುವುದನ್ನು ನಿಲ್ಲಿಸಿ ಮೂಗು ಅರಳಿಸಿದಳು. "ಏನೋ ಸುಟ್ಟ ವಾಸನಿ ಬರಾಕತ್ತದ."

"ಇಂಜಿನ್‌ದು ಇರಬೇಕು."

"ಇಂಜಿನ್ ಯಾವಾಗೋ ಹೋತು."

ಲುಂಬಿನಿ "ಹಾಲು" ಎಂದವಳೇ ಗೋಡೆಯಿಂದ ಧುಮುಕಿ ಅಡುಗೆಮನೆಗೆ ಓಡಿದಳು.

ಅವತ್ತು ಬುದ್ಧ ಪೂರ್ಣಿಮೆ. ಸಂಜೆ ಆರಕ್ಕೆ ಓಣಿಯ ವಿಹಾರದಲ್ಲಿ ವಂದನೆ, ಆಮೇಲೆ ಎಲ್ಲರಿಗೂ ಖೀರು. ಆ ಖೀರು ಪ್ರತಿ ವರ್ಷ ಲುಂಬಿನಿಯ ಆಯಿಯದೇ. ಆಯಿ ಅಂದರೆ ಅವಳ ಅಪ್ಪನ ತಾಯಿ, ಶಿವಕಾಂತಮ್ಮ. ಅಪ್ಪ, ಅಮ್ಮ ಇಬ್ಬರೂ ಡ್ಯೂಟಿಗೆ ಹೋಗಿದ್ದರು. ಎರಡು ಲೀಟರ್ ಹಾಲನ್ನು ಗಂಜಾಳ ಎಂಬ ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಟ್ಟು ಆಯಿ ಹೇಳಿದ್ದಳು, "ನಾ ಒಂದ್ಹತ್ತು ನಿಮಿಷ ಅಡ್ಡಾಗ್ತೀನಿ. ನೀ ತಿರುವಕೋತ ಇರು. ಕೈ ಬಿಡಬ್ಯಾಡ ಮತ್ತ."

ಲುಂಬಿನಿ ಕೈ ಬಿಡದೆ ತಿರುವಿದ್ದು ನಾಲ್ಕೇ ನಿಮಿಷ. ಅಷ್ಟರಲ್ಲಿ ನಗ್ಮಾ ಹಿತ್ತಲಿನಿಂದ ಸೀಟಿ ಹೊಡೆದಿದ್ದಳು. ಆಗಿನಿಂದ ಇದು ಐದನೇ ಗಾಡಿ.

ಗಂಜಾಳದಲ್ಲಿ ಈಗ ಹಾಲಿರಲಿಲ್ಲ. ಅರ್ಧ ಒಲೆಯ ಮೇಲೆ ಚೆಲ್ಲಿತ್ತು. ಉಳಿದರ್ಧ ಗಂಜಾಳದ ತಳಕ್ಕೆ ಅಂಟಿ, ಡಾಂಬರಿನ ಬಣ್ಣಕ್ಕೆ ತಿರುಗಿತ್ತು. ನಡುಮನೆಯ ತಂಪಾದ ಫರಸಿ ಕಲ್ಲಿನ ನೆಲದ ಮೇಲೆ, ಒದ್ದೆ ಟವೆಲ್ ಹೊದ್ದು ಆಯಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

"ಈಗ ಏನ್ ಮಾಡೋದು?" ಲುಂಬಿನಿ ಪಿಸುಗುಟ್ಟಿದಳು. "ಹಾಲಿನ ಅಂಗಡಿ ಐದರ ತನಾ ಬಂದ್ ಇರ್ತದ."

ನಗ್ಮಾ ಗಂಜಾಳದೊಳಗೆ ಬಗ್ಗಿ ನೋಡಿದಳು. "ಚಾಕ್ಕ ಹಾಲು ಅದ ಏನು?"

"ಫ್ರಿಜ್‌ನಾಗ ಒಂದು ಪಾಕೀಟ ಅದ. ಅರ್ಧ ಲೀಟರ್."

"ಬಸ್. ತಡಿ, ಬಂದೆ."

ನಗ್ಮಾ ತನ್ನ ಮನೆಗೆ ಓಡಿಹೋಗಿ ಓಡುತ್ತಲೇ ಬಂದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ. "ಕಂಡೆನ್ಸ್ಡ್ ಮಿಲ್ಕ್. ಬಕ್ರೀದಕ್ಕಂತ ಅಮ್ಮಿ ಎರಡು ತಂದಿಟ್ಟಾಳ. ಕೇಳೇ ತಂದೀನಿ. ನಮ್ಮನ್ಯಾಗ ಯಾರಾದ್ರೂ ಮೆಹಮಾನ್ ಬಂದ್ರ ಇದರಾಗೇ ಫಟಾಫಟ್ ಸ್ವೀಟ್ ಮಾಡ್ತಾಳ."

ಇಬ್ಬರೂ ಕೆಲಸಕ್ಕೆ ನಿಂತರು. ಬೇರೆ ಪಾತ್ರೆಯಲ್ಲಿ ಪಾಕೀಟಿನ ಹಾಲು ಕುದಿಸಿದರು. ಮಧ್ಯಾಹ್ನದ ಅನ್ನವನ್ನು ಸೌಟಿನಿಂದ ನುರಿದು ಅದಕ್ಕೆ ಸುರಿದರು. ಆಮೇಲೆ ಡಬ್ಬಿ ತೆರೆದರು. ಒಳಗಿದ್ದದ್ದು ಜೇನಿನಂತೆ ದಪ್ಪಗೆ ನಿಧಾನಕ್ಕೆ ಇಳಿಯಿತು. ಎರಡು ಲೋಟ ನೀರು, ನಾಲ್ಕು ಏಲಕ್ಕಿ, ಒಂದು ಹಿಡಿ ಗೋಡಂಬಿ. ಗೋಡಂಬಿ ಎರಡು ಹಿಡಿ ಇತ್ತು, ಒಂದು ಹಿಡಿ ದಾರಿಯಲ್ಲೇ ಖಾಲಿಯಾಯಿತು.

ಗಡಿಯಾರ ನೋಡಿದರೆ ಇಪ್ಪತ್ತೇ ನಿಮಿಷ. ಲುಂಬಿನಿ ಬೆರಳದ್ದಿ ನೆಕ್ಕಿದಳು. ಸುಮ್ಮನೆ ಇನ್ನೊಂದು ಬೆರಳದ್ದಿದಳು.

ಸುಟ್ಟ ಗಂಜಾಳವನ್ನು ಹಿತ್ತಲಲ್ಲಿ ಒಗೆಯುವ ಬಟ್ಟೆಯ ರಾಶಿಯ ಕೆಳಗೆ ಹುಗಿದಿಟ್ಟು ಬರುವಷ್ಟರಲ್ಲಿ ಆಯಿ ಎದ್ದು ಕುಳಿತಿದ್ದಳು.

"ಎಷ್ಟು ಹೊತ್ತು ಮಲಗಿಬಿಟ್ಟೆನವಾ. ಖೀರು?"

"ಆಗ್ಯಾದ ಆಯಿ. ನೀ ಹೇಳಿದಂಗ ಮಾಡೀನಿ."

"ಶಾಣ್ಯಾಕಿ. ಒಂದೀಟು ಚಾ ಇಡು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮನೆಯಲ್ಲಿ ಈಗ ಒಂದು ಹನಿ ಹಾಲೂ ಇರಲಿಲ್ಲ.

"ಬಿಸಲು ಭಾಳ ಅದ ಆಯಿ" ಎಂದಳು ನಗ್ಮಾ, ಡಾಕ್ಟರರ ಧಾಟಿಯಲ್ಲಿ. "ಇಂಥ ಬಿಸಲಾಗ ಚಾ ಕುಡೀಬಾರ್ದು. ಲಿಂಬಿ ಶರಬತ್ ಮಾಡ್ಲಿ?"

ಸಂಜೆ ವಿಹಾರದಲ್ಲಿ ವಂದನೆ ಮುಗಿದು ಖೀರು ಹಂಚಿದರು. ಎರಡನೇ ಸಲ ಬಡಿಸುವ ಮೊದಲೇ ಪಾತ್ರೆಯ ತಳ ಕಂಡಿತು. ಮೈತ್ರಿ ಟೀಚರ್ ಲೋಟ ಹಿಡಿದುಕೊಂಡೇ ಆಯಿಯ ಹತ್ತಿರ ಬಂದರು. ಅವರು ಲುಂಬಿನಿಯ ಶಾಲೆಯ ಟೀಚರು, ಅದೇ ಓಣಿಯವರು.

"ಆಯಿ, ಈ ವರ್ಷದ್ದು ಭಾರಿ ಆಗ್ಯಾದ. ಏನ್ ಹಾಕೀರಿ ಇದಕ್ಕ?"

ಆಯಿ ಒಂದು ಗುಟುಕು ಕುಡಿದಳು. ಹುಬ್ಬು ಸ್ವಲ್ಪ ಮೇಲೇರಿತು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು, "ಹಾಕೋದೇನವಾ, ಹಾಲು, ಅಕ್ಕಿ. ಕೈ ಬಿಡದೆ ತಿರುವಬೇಕು. ಮೂರು ತಾಸು ಒಲಿ ಮುಂದ ನಿಂತೀನಿ."

ಲುಂಬಿನಿಗೆ ಖೀರು ನೆತ್ತಿಗೇರಿತು. ನಗ್ಮಾ ಅವಳ ಬೆನ್ನಿಗೆ ಬೇಕಾದ್ದಕ್ಕಿಂತ ಜೋರಾಗಿಯೇ ಗುದ್ದಿದಳು.

"ಹಂಗಾದ್ರ ಐತವಾರ ಸಂಜಿಕ ನಮ್ಮನಿಗೆ ಬರ್ರಿ" ಎಂದರು ಟೀಚರ್. "ನೀವು ಮಾಡಿ ತೋರಸ್ರಿ. ನಾ ವಿಡಿಯೋ ಮಾಡಿ ಹೆಣ್ಮಕ್ಕಳ ಗ್ರೂಪಿಗೆ ಹಾಕ್ತೀನಿ."

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಆಯಿ ಲುಂಬಿನಿಯ ಕಿವಿ ಹಿಡಿದಳು.

"ನಲವತ್ತು ವರ್ಷ ಆತು ಖೀರು ಮಾಡಾಕತ್ತು. ನನ್ನ ಖೀರು ನನಗ ಗುರ್ತು ಸಿಗಲ್ಲೇನು? ಹೇಳು, ಏನ್ ಹಾಕಿದಿ?"

ಲುಂಬಿನಿ ಎಲ್ಲವನ್ನೂ ಹೇಳಿದಳು. ಗಾಡಿ, ಗಂಜಾಳ, ಡಬ್ಬಿ, ಶರಬತ್ತು. ಆಮೇಲೆ ಕಿವಿ ಬಿಡಿಸಿಕೊಂಡು ಕೇಳಿದಳು, "ನೀನೂ ಮೂರು ತಾಸು ನಿಂತೀನಿ ಅಂದ್ಯಲ್ಲ? ಮಲಗಿದ್ದಿ."

"ಅದು ಬ್ಯಾರೆ."

"ಹ್ಯಾಂಗ ಬ್ಯಾರೆ?"

ಆಯಿ ತಲೆಗೆ ಕೈ ಹಚ್ಚಿ ಕುಳಿತಳು. "ಐತವಾರ ಏನ್ ಮಾಡ್ಲಿ? ನನ್ನ ಖೀರೇ ಮಾಡಿದ್ರ ರುಚಿ ಬ್ಯಾರೆ ಆಗ್ತದ. ಎಲ್ಲಾರೂ ಕೇಳ್ತಾರ."

ಶನಿವಾರ ಮೂವರೂ ಸೇರಿ ಉಪಾಯ ಹೂಡಿದರು. ನಗ್ಮಾಳ ಅಮ್ಮಿಯ ಎರಡನೇ ಡಬ್ಬಿಯನ್ನು ತೆರೆದು, ಆಯಿಯ ಸೆರಗಿನೊಳಗೆ ಬಚ್ಚಿಡುವುದು. ಒಲೆ ಹೊತ್ತಿಸುವ ಮೊದಲು ಲುಂಬಿನಿ "ಹಲ್ಲಿ, ಹಲ್ಲಿ" ಎಂದು ಕೂಗುವುದು. ಎಲ್ಲರೂ ಅತ್ತ ನೋಡಿದಾಗ ಡಬ್ಬಿ ಪಾತ್ರೆಗೆ. ನಾಲ್ಕು ಸಲ ಪ್ರಾಕ್ಟೀಸ್ ಆಯಿತು. ನಗ್ಮಾ ಒಮ್ಮೆ ಫೋನ್ ಆದಳು, ಒಮ್ಮೆ ಹಲ್ಲಿಯಾದಳು. ಆಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಮರುದಿನ ಐತವಾರ ಟೀಚರ ಅಡುಗೆಮನೆಯಲ್ಲಿ ಏಳೆಂಟು ಹೆಂಗಸರು ಸೇರಿದ್ದರು. ಎರಡು ಸ್ಟೀಲ್ ಡಬ್ಬಿಗಳ ನಡುವೆ ಫೋನ್ ನಿಲ್ಲಿಸಿದ್ದರು. ಕೆಂಪು ಚುಕ್ಕೆ ಮಿಣುಗತೊಡಗಿತು.

ಆಯಿ ಪಾತ್ರೆಗೆ ಹಾಲು ಸುರಿದಳು. ಮೆಲ್ಲಗೆ ಲುಂಬಿನಿಯತ್ತ ನೋಡಿದಳು. ಈಗ ಕೂಗಬೇಕು.

ಆದರೆ ಲುಂಬಿನಿಯ ಕಣ್ಣು ಆಯಿಯ ಸೆರಗಿನ ಮೇಲಿತ್ತು. ಅದರೊಳಗೆ ಆಯಿ ಡಬ್ಬಿಯನ್ನು ಅವಚಿ ಹಿಡಿದಿದ್ದಳು. ಹಣೆಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿದ್ದವು. ಓಣಿಯ ದೊಡ್ಡ ನಾಯಿಗಳನ್ನೂ ಬರಿ ಒಂದು ಮಾತಿನಿಂದ ಓಡಿಸುವ ಆಯಿ ಇವಳು. ಲೆಕ್ಕದ ಪರೀಕ್ಷೆಯ ದಿನ ತನ್ನ ಹಣೆಯೂ ಹೀಗೇ ಬೆವರುತ್ತದೆ ಎಂದು ಲುಂಬಿನಿಗೆ ನೆನಪಾಯಿತು.

"ಟೀಚರ್" ಎಂದಳು ಲುಂಬಿನಿ. ಹಲ್ಲಿ ಅನ್ನುವ ಮಾತು ಬಾಯಿಗೆ ಬರಲೇ ಇಲ್ಲ. "ಅವತ್ತು ಹಾಲು ನಾ ಸುಟ್ಟಿದ್ದೆ. ಖೀರು ನಾನೂ ನಗ್ಮಾ ಮಾಡಿದ್ವಿ. ಡಬ್ಬಿ ಹಾಲಿಂದ."

ಎಲ್ಲರೂ ಆಯಿಯ ಕಡೆ ತಿರುಗಿದರು.

ಆಯಿ ಸೆರಗಿನಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. "ನಾ ಮಲಗಿದ್ದೆನವಾ ಮೈತ್ರಿ" ಎಂದಳು. "ಮೂರು ತಾಸೂ ಮಲಗಿದ್ದೆ."

ಮೊದಲು ಟೀಚರ್ ನಕ್ಕರು. ಆಮೇಲೆ ಎಲ್ಲರೂ ನಕ್ಕರು. "ಇಪ್ಪತ್ತು ನಿಮಿಷದಾಗ ಆಗ್ತದೇನು?" ಎಂದು ಒಬ್ಬಾಕೆ ಮುಂದೆ ಬಂದಳು. "ಇದನ್ನೇ ತೋರಸ್ರಿ ಮತ್ತ. ಡ್ಯೂಟಿ ಮುಗಿಸಿ ಬಂದು ಮೂರು ತಾಸು ಯಾರು ನಿಲ್ತಾರ?"

ಟೀಚರ್ ಸ್ಟೂಲ್ ಎಳೆದುಕೊಟ್ಟರು. ಲುಂಬಿನಿ ಅದರ ಮೇಲೆ ನಿಂತು ಸೌಟು ಹಿಡಿದಳು. ನಗ್ಮಾ ಅನ್ನ ನುರಿದಳು, ಮತ್ತು ಫೋನಿಗೆ ತನ್ನ ಮುಖವೇ ಹೆಚ್ಚು ಕಾಣುವಂತೆ ನಿಂತಳು.

ವಾಪಸ್ ಬರುವಾಗ ಆಯಿ ಸೆರಗಿನಿಂದ ಹಣೆ ಒರೆಸಿಕೊಂಡಳು. ಆಮೇಲೆ ಹೇಳಿದಳು, "ಎಷ್ಟು ಬೆವತಿದ್ದೆ ನೋಡಿದ್ಯಾ? ಆ ಒಲಿ ಝಳಕ್ಕ."

ಆಯಿ ಬೆವರುವಾಗ ಒಲೆ ಇನ್ನೂ ಹೊತ್ತಿಸಿರಲೇ ಇಲ್ಲ.

ಲುಂಬಿನಿ ಆಯಿಯ ಮುಖ ನೋಡಿದಳು. ನಗು ಬಂತು, ತಡೆದುಕೊಂಡಳು.

"ಹೌದಾಯಿ" ಎಂದಳು. "ಝಳ ಭಾಳ ಇತ್ತು."

ಆಯಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಳು.