ಯಹ್ಯಾ ಹೇಗಿದ್ದಾನೆ?

“ಆ ಬಳೆ ಸದ್ದು ನಿಲ್ಲಿಸ್ತೀರಾ, ಇಲ್ಲಾ ನಾನೇ ಎದ್ದು ಹೋಗ್ಲಾ?”

ಹೆಡ್‌ಫೋನಿನಲ್ಲಿ ಗಂಡು ದನಿ ಗುಡುಗಿತು. ಶಹ್ಲಾ ಬೆಚ್ಚಿ ತಲೆಯೆತ್ತಿದಳು. ಗಾಜಿನ ಆಚೆ, ಧ್ವನಿಮುದ್ರಣದ ಯಂತ್ರದ ಮುಂದೆ ಹೊಸಬನೊಬ್ಬ ಕೂತಿದ್ದ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

ಎಷ್ಟು ಧೈರ್ಯ ಇವನಿಗೆ!

ಬಾಗ್ದಾದಿನ ಆ ಪುಟ್ಟ ರೇಡಿಯೊ ಕೇಂದ್ರದಲ್ಲಿ ಶಹ್ಲಾಳಿಗೆ ಎದುರಾಡುವವರೇ ಇರಲಿಲ್ಲ. ‘ಒಂದು ಹೆಸರು, ನೂರು ಜನ’ ಅವಳ ಕಾರ್ಯಕ್ರಮ. ವಾರಕ್ಕೊಂದು ಹೆಸರು, ಆ ಹೆಸರು ಹೊತ್ತು ಚರಿತ್ರೆಯಲ್ಲಿ ಮೆರೆದ ಅರಸರು, ವೈದ್ಯರು, ಸಂತರು, ದರೋಡೆಕೋರರು... ಎಲ್ಲರ ಕಥೆ. ಊರಿನ ಟ್ಯಾಕ್ಸಿಯವರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಅಂಥವಳಿಗೆ ಬಳೆ ಸದ್ದಂತೆ!

“ಇದು ನನ್ನಜ್ಜಿ ಬಳೆ. ಇಷ್ಟು ವರ್ಷ ಯಾರ ಕಿವಿಗೂ ಚುಚ್ಚಿಲ್ಲ. ನಿಮ್ಮ ಕಿವಿ ಏನು ಬಂಗಾರದ್ದಾ?”

“ಕಿವಿ ಮಾಮೂಲಿದೇ. ಬಳೆ ಬಂಗಾರದ್ದು. ಅದಕ್ಕೇ ಸದ್ದು ಜಾಸ್ತಿ.”

ಬಾಗಿಲಲ್ಲಿ ನಿಂತಿದ್ದ ವಾರ್ತೆ ಓದುವ ಕಹ್ತಾನ್ ಕಿಸಕ್ಕನೆ ನಕ್ಕ. “ಮೊದಲನೇ ದಿನವೇ ಜಗಳ ಬೇಡ್ರಪ್ಪಾ! ಶಹ್ಲಾ, ಇವರು ಬಸ್ರಾದಿಂದ ಬಂದಿದ್ದಾರೆ. ಹೆಸರು ಜಕರಿಯಾ. ಅಂದ್ರೆ ನಮ್ಮ ಅಬು ಯಹ್ಯಾ!”

ಅಬು ಯಹ್ಯಾ ಅಂದರೆ ಯಹ್ಯಾನ ಅಪ್ಪ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ರಂಪಾಟ ಅರ್ಥವಾಗುವುದಿಲ್ಲ. ನಮ್ಮ ಇರಾಕಿನಲ್ಲಿ ಗಂಡಸರನ್ನು ಬರೀ ಹೆಸರು ಹಿಡಿದು ಕರೆದರೆ ಮರ್ಯಾದೆ ಅಲ್ಲ. ಇಂಥವನ ಅಪ್ಪ ಎಂದು ಕರೆಯಬೇಕು. ಮದುವೆಯೇ ಆಗದವನಿಗೆ? ಅದಕ್ಕೂ ದಾರಿ ಮಾಡಿಕೊಂಡಿದ್ದೇವೆ. ಹಿಂದೆ ಅದೇ ಹೆಸರಿನ ದೊಡ್ಡವರು ಯಾರಿದ್ದರೋ, ಅವರ ಮಗನ ಹೆಸರೇ ಇವನ ಮಗನ ಹೆಸರು! ಪ್ರವಾದಿ ದಾವೂದರ ಮಗ ಸುಲೈಮಾನ್, ಹಾಗಾಗಿ ಬೀದಿಯ ದಾವೂದರೆಲ್ಲ ಅಬು ಸುಲೈಮಾನ್. ಪ್ರವಾದಿ ಜಕರಿಯಾರ ಮಗ ಯಹ್ಯಾ, ಹಾಗಾಗಿ ಜಕರಿಯಾ ಎಂದು ಹೆಸರಿಟ್ಟ ಕೂಸು ತೊಟ್ಟಿಲಲ್ಲೇ ಅಬು ಯಹ್ಯಾ. ಎಂಥ ಜನ ನಾವು! ಹುಟ್ಟದ ಮಕ್ಕಳ ಹೆಸರು ಹೊತ್ತು ತಿರುಗುತ್ತೇವೆ.

ಇಂಥ ‘ಅಪ್ಪಂದಿರನ್ನು’ ಕೆಣಕುವುದೂ ನಮಗೊಂದು ಆಟ. ಶಹ್ಲಾ ಬಿಟ್ಟಾಳೆಯೇ?

“ಓಹೋ, ಅಬು ಯಹ್ಯಾನಾ! ಯಹ್ಯಾ ಹೇಗಿದ್ದಾನೆ?”

ಅವನ ಗಂಟುಮುಖ ಒಮ್ಮೆಲೇ ಸಡಿಲವಾಯಿತು. “ಚೆನ್ನಾಗಿದ್ದಾನೆ... ನಿನ್ನೆ ಹಲ್ಲು ಬಿತ್ತು.”

ಶಹ್ಲಾ ಗೊಳ್ಳನೆ ನಕ್ಕಳು. ಪರವಾಗಿಲ್ಲ, ಈ ಮುಂಗೋಪಿಗೆ ತಮಾಷೆಯೂ ಬರುತ್ತೆ!

ಅಂದಿನಿಂದ ದಿನಾ ಅದೇ ಮಾತು.

“ಯಹ್ಯಾ ಹೇಗಿದ್ದಾನೆ?”

“ರಾತ್ರಿಯೆಲ್ಲ ಜ್ವರ.”

ಮಾರನೆಯ ದಿನ, “ಜ್ವರ ಇಳೀತಾ?”

“ಇಳೀತು. ಆದ್ರೆ ಬೆಂಡೆಕಾಯಿ ಸಾರು ಮುಟ್ಟಲ್ಲ ಅಂತ ಹಟ.”

ಎಂಥ ಕಥೆ ಕಟ್ಟುತ್ತಾನೆ! ಇಲ್ಲದ ಮಗನಿಗೆ ಜ್ವರ ಬರಿಸುತ್ತಾನೆ, ಗೋಡೆ ಹತ್ತಿಸಿ ಬೀಳಿಸುತ್ತಾನೆ, ಬಾವಲಿ ತೋರಿಸಿ ಹೆದರಿಸುತ್ತಾನೆ... ಮನೆಯಲ್ಲಿ ಖರ್ಜೂರ ತುಂಬಿದ ಕ್ಲೀಚಾ ಬಿಸ್ಕತ್ತು ಮಾಡಿದ ದಿನ ಶಹ್ಲಾ ಒಂದು ಡಬ್ಬಿ ತುಂಬಿ ತಂದಳು. “ಇದು ಯಹ್ಯಾಗೆ. ನಿಮಗಲ್ಲ!”

“ಯಹ್ಯಾಗೆ ಇನ್ನೂ ಬೇಕಂತೆ,” ಎಂದು ಅವನು ಖಾಲಿ ಡಬ್ಬಿ ಹಿಂತಿರುಗಿಸಿದ.

ತಿಂಡಿಪೋತ! ಮಗನ ಹೆಸರು ಹೇಳಿ ತಾನೇ ಮುಕ್ಕಿದ್ದಾನೆ, ಎಂದುಕೊಂಡಳು. ಮತ್ತೆ ಡಬ್ಬಿ ತುಂಬಿದಳು.

ಜಗಳವಾಡುತ್ತಲೇ ಮನಸ್ಸು ಅವನ ಕಡೆ ವಾಲಿತ್ತು. ಭಯವೂ ಇತ್ತು. ಹಿಂದೆ ಅವಳಿಗೆ ನಿಶ್ಚಯವಾಗಿದ್ದ ಗಂಡಿಗೆ ಮೋಸುಲ್‌ನಲ್ಲಿ ಹೆಂಡತಿ ಇದ್ದಳು. ಮದುವೆ ಬಟ್ಟೆ ಹೊಲಿಸಿದ ಮೇಲೆ ಗೊತ್ತಾಯಿತು. ಅವತ್ತೇ ಅವಳು ತೀರ್ಮಾನ ಮಾಡಿದ್ದಳು. ಸಿಡುಕನಾದರೂ ಸರಿ, ಕೈಯಲ್ಲಿ ಕಾಸಿಲ್ಲದವನಾದರೂ ಸರಿ, ಮುಚ್ಚಿಡುವವನು ಮಾತ್ರ ಬೇಡ.

ಒಂದು ದಿನ ಧ್ವನಿಮುದ್ರಣ ಮುಗಿದ ಮೇಲೆ ಜಕರಿಯಾ ಗಾಜಿನ ಆಚೆಯಿಂದಲೇ ಮೈಕಿನಲ್ಲಿ ಕೇಳಿದ. ಎದುರಿಗೆ ಬಂದು ಕೇಳುವ ಧೈರ್ಯ ಇರಲಿಲ್ಲ, ಪಾಪ.

“ಮನೇಲಿ ಅಮ್ಮ, ನಾನು, ಯಹ್ಯಾ... ಮೂರೇ ಜನ. ನೀವು ಬರ್ತೀರಾ?”

ಶಹ್ಲಾಳ ಕೆನ್ನೆ ಕೆಂಪಾಯಿತು. ಹುಟ್ಟುವ ಮಗನನ್ನೂ ಸೇರಿಸಿಯೇ ಕೇಳುತ್ತಿದ್ದಾನಲ್ಲ!

“ಯಹ್ಯಾ ಒಪ್ಪಿದ್ರೆ ನಾನೂ ಒಪ್ಪಿದ ಹಾಗೆ,” ಎಂದು ನಗುತ್ತ ಓಡಿದಳು.

ಮಾರನೆಯ ದಿನ ಅವನು ಗಂಭೀರವಾಗಿ ಹೇಳಿದ, “ಯಹ್ಯಾ ಒಪ್ಪಿದ.”

ಶಾಬಾನ್ ತಿಂಗಳ ಮೊದಲ ಭಾನುವಾರ ಬಂತು. ಅದು ಜಕರಿಯಾರ ದಿನ. ಮುಪ್ಪಿನಲ್ಲಿ ಮಗನನ್ನು ಬೇಡಿ ಪಡೆದ ಆ ಪ್ರವಾದಿಯ ಹೆಸರಲ್ಲಿ ಬಾಗ್ದಾದಿನ ಹೆಂಗಸರು ತಟ್ಟೆ ತುಂಬಿ ಮೋಂಬತ್ತಿ ಹಚ್ಚುವ ಸಂಜೆ. ಜಕರಿಯಾನ ತಾಯಿ ಬದ್ರಿಯಾ ಅವರು ಶಹ್ಲಾಳನ್ನೂ ಅವಳ ತಾಯಿಯನ್ನೂ ಮನೆಗೆ ಕರೆದಿದ್ದರು. ಹೆಣ್ಣಿನ ಕಡೆಯವರು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ದೊಡ್ಡ ತಟ್ಟೆ. ಹಸಿರು ಎಲೆ, ಸಕ್ಕರೆ, ಕೇಸರಿ ಹಾಕಿದ ಸಿಹಿ ಅನ್ನ. ಮನೆಯ ಪ್ರತಿ ಗಂಡುಮಗುವಿಗೆ ಮೂತಿಯಿರುವ ಒಂದು ಮಣ್ಣಿನ ಗಿಂಡಿ, ಪ್ರತಿ ಹೆಣ್ಣುಮಗುವಿಗೆ ಒಂದು ಕುಡಿಕೆ.

ಆ ತಟ್ಟೆಯಲ್ಲಿ ಗಿಂಡಿ ಎರಡಿದ್ದವು.

“ಖಾಲಾ, ನಿಮಗೆ ಒಬ್ಬನೇ ಮಗ ಅಲ್ವಾ? ಇನ್ನೊಂದು ಯಾರದು?” ಶಹ್ಲಾ ಕೇಳಿದಳು. ಖಾಲಾ ಅಂದರೆ ಚಿಕ್ಕಮ್ಮ.

“ಯಹ್ಯಾಂದು ಕಣಮ್ಮಾ. ತಾಯಿ ಆದವಳು ಕೊಡಿಸ್ಬೇಕು. ಅವಳಿಲ್ವಲ್ಲ, ವರ್ಷಾ ವರ್ಷಾ ನಾನೇ ಕೊಡಿಸ್ತೀನಿ.”

ಶಹ್ಲಾ ನಾಚಿದಳು. “ಅಯ್ಯೋ ಖಾಲಾ! ಹುಟ್ಟೋಕೆ ಮುಂಚೇನೇ?”

ಬದ್ರಿಯಾ ಹುಬ್ಬು ಗಂಟಿಕ್ಕಿದರು. “ಹುಟ್ಟೋದು ಅಂದ್ರೆ? ಅವನು ಎರಡನೇ ಕ್ಲಾಸು!”

ಅಷ್ಟರಲ್ಲಿ ಒಳಗಿನಿಂದ ಪುಟ್ಟ ಹುಡುಗನೊಬ್ಬ ಓಡಿಬಂದು ಶಹ್ಲಾಳ ಮುಂದೆ ಎದೆಯುಬ್ಬಿಸಿ ನಿಂತ. ಯಹ್ಯಾ ಎಂಬ ಹೆಸರಿನವರಿಗೂ ನಮ್ಮಲ್ಲಿ ಒಂದು ಬಿರುದು ಕಾದಿರುತ್ತದೆ, ಆ ಪ್ರವಾದಿಯ ಅಪ್ಪನ ಹೆಸರಿನಿಂದಲೇ.

“ನಾನು ಅಬು ಜಕರಿಯಾ! ನಮ್ಮ ಕ್ಲಾಸಲ್ಲಿ ಎಲ್ರೂ ಹಂಗೇ ಕರೀತಾರೆ. ಖಾಲಾ, ಕ್ಲೀಚಾ ತಂದ್ರಾ?”

ಅದೇ ಹುಬ್ಬು. ಅದೇ ಕಣ್ಣು. ಶಹ್ಲಾಳ ಕೈಯಲ್ಲಿದ್ದ ಮೋಂಬತ್ತಿ ಕೆಳಗೆ ಬಿತ್ತು.

ಮತ್ತೆ ಮೋಸ... ಮತ್ತೆ!

ಅವಳು ಅಂಗಳಕ್ಕೆ ನುಗ್ಗಿದಳು. ಜಕರಿಯಾ ಹಿಂದೆಯೇ ಓಡಿಬಂದ.

“ಏನಾಯ್ತು ಶಹ್ಲಾ?”

“ಏನಾಯ್ತಾ? ನಾಚಿಕೆ ಆಗಲ್ವಾ ನಿನಗೆ?” ಮೊದಲ ಸಲ ಅವಳ ಬಾಯಲ್ಲಿ ‘ನೀನು’ ಬಂದಿತ್ತು. “ಬೆಳೆದ ಮಗನ್ನ ಇಟ್ಕೊಂಡು ಒಂದು ವರ್ಷ ನನ್ನ ಮುಂದೆ ನಾಟಕ ಆಡಿದ್ಯಲ್ಲ!”

“ಮುಚ್ಚಿಟ್ಟಿದ್ದೆಲ್ಲಿ? ದಿನಾ ನಿನಗೆ ಹೇಳ್ತಿದ್ದೆ!”

“ಅದು ತಮಾಷೆ! ಊರಲ್ಲಿರೋ ಜಕರಿಯಾಗಳೆಲ್ಲ ಅಬು ಯಹ್ಯಾನೇ! ನಾನೇನು ಕನಸು ಕಂಡಿದ್ನಾ ನಿನಗೆ ನಿಜವಾಗ್ಲೂ ಒಬ್ಬ ಇದ್ದಾನೆ ಅಂತ?”

ಜಕರಿಯಾ ಅಲ್ಲೇ ನಿಂತ. ಅವನ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಗಾಯಿತು.

“ತಮಾಷೆ... ನನ್ನ ಮಗನಿಗೆ ಜ್ವರ ಬಂದಾಗ ಇಳೀತಾ ಅಂತ ಕೇಳಿದ್ದು ತಮಾಷೆ. ಅವನು ಬಿದ್ದಾಗ ಗಾಯ ಆಯ್ತಾ ಅಂದಿದ್ದು ತಮಾಷೆ. ಎಲ್ರೂ ಒಂದು ಸಲ ನಗೋಕೆ ಕೇಳ್ತಾರೆ, ಬಿಟ್ಟುಬಿಡ್ತಾರೆ. ನೀನು ದಿನಾ ಕೇಳ್ದೆ. ಉತ್ತರಕ್ಕೆ ಕಾದು ನಿಂತೆ. ಅವನಮ್ಮ ಸತ್ತಾಗ ಅವನು ಎದೆಹಾಲು ಕುಡಿಯೋ ಕೂಸು. ಆಮೇಲೆ ಯಾರೂ ಅವನ ಬಗ್ಗೆ ಹಂಗೆ ಕೇಳಿರ್ಲಿಲ್ಲ. ಅದಕ್ಕೇ ನಿನ್ನ ಮೇಲೆ ಮನಸ್ಸು ಮಾಡಿದ್ದು ಕಣೇ! ಈಗ ಹೇಳ್ತೀಯ, ನನ್ನ ಮಗ ನಿನಗೊಂದು ಹಾಸ್ಯ ಅಂತ!”

“ನನ್ನನ್ನೇ ತಪ್ಪಿತಸ್ಥೆ ಮಾಡ್ಬೇಡ!”

“ಹೋಗು. ನಗೋಕೆ ಇನ್ಯಾರಾದ್ರೂ ಸಿಗ್ತಾರೆ.”

ಅವಳು ತಾಯಿಯನ್ನು ಕರೆದುಕೊಂಡು ಹೋದಳು. ಹಿಂದಿರುಗಿ ನೋಡಲಿಲ್ಲ. ಬಾಗಿಲ ಮರೆಯಲ್ಲಿ ಹುಡುಗ ನಿಂತಿದ್ದದ್ದನ್ನು ಇಬ್ಬರೂ ಕಾಣಲಿಲ್ಲ. ದೊಡ್ಡವರಿಗೆ ಸಿಟ್ಟು ಬಂದಾಗ ಕಣ್ಣು ಎಲ್ಲಿರುತ್ತದೆ ಹೇಳಿ!

ಆಮೇಲಿನ ದಿನಗಳಲ್ಲಿ ಕೇಂದ್ರದಲ್ಲಿ ಗಾಜಿನ ಆಚೆ ಒಂದು ಉರಿ, ಈಚೆ ಒಂದು ಉರಿ. “ಶುರು ಮಾಡಿ,” “ಮುಗೀತು,” ಇಷ್ಟೇ ಮಾತು. ಒಂದು ಬೆಳಿಗ್ಗೆ ಕಹ್ತಾನ್ ಹಳೇ ಚಾಳಿಯಂತೆ, “ಅಬು ಯಹ್ಯಾ, ಯಹ್ಯಾ ಹೇಗಿದ್ದಾನಪ್ಪಾ?” ಎಂದು ಕೂಗಿದ.

“ಬಾಯ್ಮುಚ್ಚು!” ಎಂದು ಶಹ್ಲಾಳೇ ಕಿರುಚಿದಳು. “ಮಗೂನ ಹಿಡ್ಕೊಂಡು ತಮಾಷೆ ಮಾಡ್ತೀಯಾ?”

ಕಹ್ತಾನ್ ತಬ್ಬಿಬ್ಬಾಗಿ ಜಾಗ ಖಾಲಿ ಮಾಡಿದ. ಶಹ್ಲಾ ತನ್ನ ಮಾತಿಗೆ ತಾನೇ ಬೆರಗಾಗಿ ಕೂತಳು. ನನಗ್ಯಾಕೆ ಇಷ್ಟು ಸಿಟ್ಟು? ನನಗೂ ಆ ಹುಡುಗನಿಗೂ ಏನು?

ಏನೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಬೆಂಡೆಕಾಯಿ ಆಗದು. ಜ್ವರ ಬಂದರೆ ಅಜ್ಜಿಯ ಸೆರಗು ಹಿಡಿದೇ ಮಲಗುತ್ತಾನೆ. ಕ್ಲೀಚಾದಲ್ಲಿ ಖರ್ಜೂರ ಜಾಸ್ತಿ ಇರಬೇಕು. ಒಂದು ವರ್ಷದಿಂದ ಒಂದು ಮಗು ಅವಳ ಕಿವಿಯಲ್ಲೇ ಬೆಳೆದಿತ್ತು. ಮೋಸುಲ್‌ನ ಹೆಂಡತಿಯನ್ನು ಮುಚ್ಚಿಟ್ಟವನು ಬೇರೆ. ಇವನು ದಿನಾ ಸತ್ಯವನ್ನೇ ಹೇಳಿದ್ದ. ಕೇಳಿ ನಕ್ಕವಳು ತಾನು.

ಅಯ್ಯೋ, ನಾನೆಂಥವಳು! ಈಗ ಅವಳ ಸಿಟ್ಟೆಲ್ಲ ಅವಳ ಮೇಲೆಯೇ ತಿರುಗಿತು.

ಆ ವಾರದ ಹೆಸರು ಮೊದಲೇ ಗೊತ್ತುಮಾಡಿದ್ದು. ಯಹ್ಯಾ.

ಮೈಕಿನ ಮುಂದೆ ಕೂತಳು. ಆಚೆ ಜಕರಿಯಾ ತಲೆ ತಗ್ಗಿಸಿಯೇ ಗುಂಡಿ ಒತ್ತಿದ.

“ಇದಕ್ಕೆ ಮುಂಚೆ ಯಾರಿಗೂ ಈ ಹೆಸರು ಕೊಟ್ಟಿರಲಿಲ್ಲ ಎಂದು ದೇವರೇ ಹೇಳಿದ ಹೆಸರು ಇದು. ಪ್ರವಾದಿ ಯಹ್ಯಾರ ನಂತರ ಎಷ್ಟೋ ಯಹ್ಯಾಗಳು ಬಂದರು. ಟ್ಯೂನಿಸ್ಸಿನಲ್ಲಿ ರಾಜ್ಯ ಕಟ್ಟಿದ ಯಹ್ಯಾ, ಯೆಮೆನ್ ಆಳಿದ ಯಹ್ಯಾ...” ಅವಳ ದನಿ ತಡವರಿಸಿತು. “ಇನ್ನೊಬ್ಬ ಇದ್ದಾನೆ. ಚರಿತ್ರೆಯಲ್ಲಿ ಅವನ ಹೆಸರಿಲ್ಲ. ಅವನು ಬೆಂಡೆಕಾಯಿ ಮುಟ್ಟಲ್ಲ. ಬಾವಲಿ ಅಂದ್ರೆ ಹೆದರ್ತಾನೆ. ಗೋಡೆ ಕಂಡ್ರೆ ಹತ್ತದೆ ಬಿಡಲ್ಲ. ಅವನ ಕಥೆ ನನಗೆ ದಿನಾ ಒಬ್ಬರು ಹೇಳ್ತಿದ್ರು. ನಾನು ಪೆದ್ದಿ... ನಗ್ತಿದ್ದೆ...”

ಅವಳು ಹಾಳೆ ಪಕ್ಕಕ್ಕೆ ತಳ್ಳಿದಳು.

ಹೆಡ್‌ಫೋನಿನಲ್ಲಿ ಅವನ ದನಿ, ಮೆಲ್ಲಗೆ. “ಬಳೆ ಸದ್ದು ಬರ್ತಿದೆ.”

“ಬರ್ಲಿ! ಕೈ ನಡುಗ್ತಿದೆ, ಕಾಣ್ಸಲ್ವಾ?”

“ಕಾಣ್ಸುತ್ತೆ.”

“ಜಕರಿಯಾ... ಯಹ್ಯಾ ಹೇಗಿದ್ದಾನೆ?”

“ತಮಾಷೆಗಾ?”

“ಅಲ್ಲ ಕಣೋ!” ಅವಳು ಅಳುತ್ತಲೇ ರೇಗಿದಳು. “ಹೇಗಿದ್ದಾನೆ ಹೇಳು!”

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು.

“ಗಿಂಡಿ ಒಡೆದುಹಾಕಿದ. ಅವತ್ತೇ, ನೀನು ಹೋದ ಮೇಲೆ. ಇದನ್ನ ನೋಡೇ ಖಾಲಾ ಕೋಪ ಮಾಡ್ಕೊಂಡಿದ್ದು, ಇದಿಲ್ದಿದ್ರೆ ಅವರು ಇರ್ತಿದ್ರು ಅಂತ... ನೆಲಕ್ಕೆ ಅಪ್ಪಳಿಸಿದ. ಚೂರು ಎತ್ತೋಕೂ ಬಿಡ್ಲಿಲ್ಲ.”

ತನ್ನ ಗಿಂಡಿಯನ್ನು ತಾನೇ ಒಡೆದುಕೊಂಡ ಆ ಪುಟ್ಟ ಕೈಗಳು ಶಹ್ಲಾಳ ಕಣ್ಣಮುಂದೆ ಬಂದವು. ಹೆಡ್‌ಫೋನ್ ಕಿತ್ತೆಸೆದು, ಬಾಗಿಲು ತಳ್ಳಿಕೊಂಡು ಗಾಜಿನ ಆಚೆಗೆ ಬಂದು ನಿಂತಳು. ಒಂದು ವರ್ಷದಲ್ಲಿ ಮೊದಲ ಸಲ ಇಬ್ಬರೂ ನಡುವೆ ಗಾಜಿಲ್ಲದೆ, ಜಗಳವಿಲ್ಲದೆ ಹತ್ತಿರ ನಿಂತಿದ್ದರು.

“ಏಳು. ಕುಂಬಾರರ ಅಂಗಡಿ ಮುಚ್ಚೋದ್ರೊಳಗೆ ಹೋಗ್ಬೇಕು.”

“ಯಾಕೆ?”

“ಗಿಂಡಿ ತರೋಕೆ! ತಾಯಿ ಆದವಳು ಕೊಡಿಸ್ಬೇಕಂತೆ, ನಿಮ್ಮಮ್ಮನೇ ಹೇಳಿದ್ದು.”

ಜಕರಿಯಾ ಎದ್ದು ಅವಳ ಕೈಯನ್ನು, ಅಜ್ಜಿಯ ಬಳೆಯ ಸಮೇತ, ತನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದ.

“ಇನ್ನೂ ಕೋಪ ಇದ್ಯಾ?”

“ಇದೆ. ಬೇಕಾದಷ್ಟಿದೆ. ಜೀವನ ಪೂರ್ತಿ ಕೂತು ತೀರಿಸ್ಕೋತೀನಿ.”

ಅವನು ಮೊದಲ ಸಲ ಬಾಯ್ತುಂಬ ನಕ್ಕ. “ಗಿಂಡಿ ಒಂದೇ ಸಾಕಾ ಶಹ್ಲಾ? ಪಕ್ಕಕ್ಕೆ ಒಂದು ಕುಡಿಕೇನೂ ತಗೊಳ್ಳೋಣ್ವಾ?”

ಶಹ್ಲಾ ಕೆನ್ನೆ ಕೆಂಪಾಗಿ ಅವನ ಭುಜಕ್ಕೊಂದು ಗುದ್ದಿದಳು. “ಮೊದಲು ಯಹ್ಯಾ ಒಪ್ಲಿ!”